ಪಾರ್ಟು ಮಾರಿದ ಹಂಗಾಮು

ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಸುರುವಾದರೆ ಗೋಕಾಕದ ನಮ್ಮ ಓಣಿಯವರೆಗೂ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಬರುತ್ತದೆ. ಅರ್ಧ ಸಿಹಿ, ಅರ್ಧ ಕೊಳೆತದ್ದು. ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ಸೊಸೆ ಇದನ್ನು ದಮ್ಮಿನ ತ್ರಾಸು ಎಂದು ತಿಳಿದು, ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ, ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಡಿಸಿದ್ದಾಳೆ. ನನಗೆ ದಮ್ಮು ಇಲ್ಲ. ಆ ವಾಸನೆಯ ಬೆನ್ನು ಹತ್ತಿ ಹಳೆಯ ಒಂದು ಹಂಗಾಮು ಮನೆಯೊಳಗೆ ಬರುತ್ತದೆ. ಅದು ಬರಬಾರದೆಂದು ಮುಚ್ಚುತ್ತಿದ್ದೆ. ಈ ವರ್ಷ ತೆರೆದೇ ಇಟ್ಟು ಬರೆಯಲು ಕೂತಿದ್ದೇನೆ.

ನಾನು ಓದಿದ್ದು ಮ್ಯಾಟ್ರಿಕ್‌ವರೆಗೆ. ಈ ಭಾಗದಲ್ಲಿ ನನ್ನ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ, ಪೇಟಿ ಮಾಸ್ತರ ಅಂದರೆ ಗೊತ್ತು. ಪೇಟಿ ಎಂದರೆ ಹಾರ್ಮೋನಿಯಂ. ಹಳ್ಳಿಗಳಲ್ಲಿ ರೈತರು, ಕುರುಬರು, ಅಂಗಡಿಕಾರರು ಸೇರಿ ಆಡುವ ನಾಟಕಗಳಿಗೆ ಹಾಡು, ಮಾತು ಕಲಿಸುವುದು ನನ್ನ ಕೆಲಸವಾಗಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ನನ್ನ ಪೇಟಿ ಏರದ ಕಟ್ಟೆ ಕಡಿಮೆ.

ನಮ್ಮ ನಾಟಕಗಳಲ್ಲಿ ಒಂದು ಪದ್ಧತಿ ಇತ್ತು. ಪಾರ್ಟು ಮಾಡುವವನಿಗೆ ಪಗಾರ ಇಲ್ಲ, ಅವನೇ ರೊಕ್ಕ ಹಾಕಬೇಕು. ರಾಜನ ಪಾರ್ಟಿಗೆ ಹೆಚ್ಚು, ದೂತನ ಪಾರ್ಟಿಗೆ ಕಡಿಮೆ. ದೇವರ ಮುಂದೆ ದೀಪ ಹಚ್ಚಿ, ಮಾಸ್ತರನಾದವನು ವೀಳ್ಯದೆಲೆ ಮತ್ತು ತೆಂಗಿನಕಾಯಿಯನ್ನು ಕೈಗಿಟ್ಟರೆ ಪಾರ್ಟು ಅವನದಾಯಿತು. ರಸೀತಿ ಕೇಳುವ ರೂಢಿ ಇಲ್ಲ. ಕೇಳಿದರೆ ಮಾಸ್ತರನ ಮುಖಕ್ಕೆ ಉಗುಳಿದಂತೆ. ಮಾಸ್ತರನಿಗೂ ಒಂದು ನೇಮವಿತ್ತು: ವೀಳ್ಯ ಕೊಟ್ಟ ಪಾರ್ಟನ್ನು ಇನ್ನೊಬ್ಬನಿಗೆ ಕೊಡಬಾರದು. ತಾಲೀಮಿನ ನಡುವೆ ಒಬ್ಬ ಸತ್ತರೆ ಅವನ ಮಗನೋ ತಮ್ಮನೋ ಬಣ್ಣ ಹಚ್ಚುತ್ತಿದ್ದ, ಬೇರೆ ಮನೆಗೆ ಆ ಪಾರ್ಟು ಹೋಗುತ್ತಿರಲಿಲ್ಲ.

ಹಳ್ಳಿಗಳಿಗೆ ಡಿಜೆ ಬಂದು, ನಾಟಕ ನಿಂತು, ನನ್ನನ್ನು ಕರೆಯುವವರು ಇಲ್ಲದಾದ ಕಾಲಕ್ಕೆ ಸಂತೋಷ ಮನೆ ಹುಡುಕಿಕೊಂಡು ಬಂದ. ಹುಕ್ಕೇರಿ ಕಡೆಯ ಹುಡುಗ. ಕೊಲ್ಲಾಪುರದಲ್ಲಿ ಮರಾಠಿ ಸಿನಿಮಾಗಳಿಗೆ ಕೆಲಸ ಮಾಡಿದ್ದೇನೆ ಎಂದ. ದೊಡ್ಡ ನಿರ್ಮಾಪಕರ ಹಂಗಿಲ್ಲದೆ, ನಮ್ಮ ಜನರ ರೊಕ್ಕದಲ್ಲಿ ನಮ್ಮ ಜನರ ಸಿನಿಮಾ ಮಾಡುವ ಕಂಪನಿ ತೆಗೆದಿದ್ದ. ಕಥೆ ಒಬ್ಬ ಕುರುಬನ ಮಗನದು. ಸಂಗೀತಕ್ಕೆ ನೀವೇ ಬೇಕು, ಪರದೆಯ ಮೇಲೆ ನಿಮ್ಮ ಹೆಸರು ಬರುತ್ತದೆ ಎಂದು ಕಾಲಿಗೆ ಬಿದ್ದ. ನನ್ನ ಕಾಲಿಗೆ ಯಾರಾದರೂ ಬಿದ್ದು ಬಹಳ ವರ್ಷಗಳಾಗಿದ್ದವು.

ಅವನಿಗೆ ಮೊದಲು ಸಿನಿಮಾ ಮಾಡುವ ಮನಸ್ಸು ಖರೆಯೇ ಇತ್ತು ಎಂದು ಈಗಲೂ ನಂಬುತ್ತೇನೆ. ಆದರೆ ರೊಕ್ಕ ಹುಟ್ಟಲಿಲ್ಲ. ಒಂದು ದಿನ ನಮ್ಮ ಪಡಸಾಲೆಯಲ್ಲಿ ತಲೆ ಹಿಡಿದುಕೊಂಡು ಕೂತ.

"ಗುರುಗಳ, ಒಬ್ಬರೂ ಪಾಲು ತಗೋವಲ್ರು. ಹಾಕಿದ್ದು ಎರಡ ಪಟ್ಟು ಬರತೈತಿ ಅಂದ್ರೂ ನಂಬವಲ್ರು. ಸಿನಿಮಾಕ್ಕ ರೊಕ್ಕ ಅಂದ ಕೂಡ್ಲೇ ಕಿಸೆಗಳ್ಳನ್ನ ನೋಡಿದಂಗ ನೋಡ್ತಾರ."

"ಪಾಲು ಅಂದ್ರ ಯಾರ ಕೊಡ್ತಾರೋ ತಮ್ಮಾ?" ಎಂದೆ ನಾನು. "ಪಾರ್ಟು ಅನ್ನು."

"ಅಂದ್ರ?"

"ಪಾರ್ಟಿಗೆ ರೊಕ್ಕ ಹಾಕೂದು ನಮ್ಮ ಮಂದಿಗೆ ರೂಢಿ ಐತಿ. ನಾ ವೀಳ್ಯ ಕೊಡ್ತೀನಿ. ಪಾಲು ಅನ್ನೂದನ್ನ ಮ್ಯಾಲ ಬೆಲ್ಲದಂಗ ಇಡು."

ಈ ಮಾತು ನನ್ನದು. ಮುಂದೆ ಪೊಲೀಸರ ಮುಂದೆ ಸಂತೋಷನ ತಲೆಗೆ ಕಟ್ಟಿದೆ, ಆದರೆ ಬೀಗ ತೆರೆಯುವ ಕೀಲಿಕೈ ಕೊಟ್ಟವನು ನಾನು. ಅವನ ಮುಖ ನೋಡಿ ಬಾಗಿಲು ತೆರೆಯದ ಮನೆಗಳು ನನ್ನ ಮುಖ ನೋಡಿ ತೆರೆದವು. ಬಂದದ್ದರಲ್ಲಿ ನನಗೂ ಒಂದಿಷ್ಟು ಕೊಟ್ಟ. ಆ ರೊಕ್ಕದಲ್ಲಿ ಗೋಕಾಕದ ದವಾಖಾನೆಯಲ್ಲಿ ಹಲ್ಲು ಕಟ್ಟಿಸಿಕೊಂಡೆ. ಪೇಪರಿನವರು ಫೋಟೊ ತೆಗೆಯಲು ಬಂದರೆ ಬೊಚ್ಚುಬಾಯಿ ಕಾಣಬಾರದೆಂದು. ಇವತ್ತೂ ರೊಟ್ಟಿ ತಿನ್ನುವುದು ಅದೇ ಹಲ್ಲಿನಲ್ಲಿ.

ಕಥೆಯಲ್ಲಿ ಹೀರೋನ ಅಪ್ಪನ ಪಾರ್ಟು ಬಹಳ ಚಲೋ ಇತ್ತು. ಮಗನನ್ನು ಕಳೆದುಕೊಂಡ ಮುದುಕ ಕುರುಬ ಒಂದು ಹಾಡು ಹಾಡುತ್ತಾನೆ. ಅದಕ್ಕೆ ನನ್ನ ಕಣ್ಣ ಮುಂದೆ ಬಂದವನು ಒಬ್ಬನೇ, ತುಕ್ಕಾನಟ್ಟಿಯ ಕಲ್ಲಪ್ಪ. ನನ್ನ ಓರಗೆಯವನು, ಕುರಿ ಕಾಯುವವನು. ಅವನ ದನಿ ಕೇಳಿದ ಮೇಲೆ ನಾನು ಪೇಟಿಯ ಸ್ವರ ಏರಿಸಬೇಕಾಗುತ್ತಿತ್ತು, ಅವನು ಎಂದೂ ಇಳಿಸಲಿಲ್ಲ. ಅವನಪ್ಪ ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಹೊಳೆಯ ಸೀಮೆಗೆ ಹೋದಾಗ ಕಟ್ಟಿದ ಹಾಡೊಂದು ಅವನ ಬಾಯಲ್ಲಿ ಉಳಿದಿತ್ತು. ಅವನನ್ನು ಬಿಟ್ಟರೆ ಪೂರಾ ಯಾರಿಗೂ ಬರುತ್ತಿರಲಿಲ್ಲ.

ನಾನು ಸಂತೋಷನನ್ನು ಕರೆದುಕೊಂಡು ಹೋದಾಗ ಕಲ್ಲಪ್ಪ ಹಟ್ಟಿಯ ಬಾಜೂಕ್ಕೆ ಕಂಬಳಿ ಹಾಸಿ ಕೂತಿದ್ದ. ಕೇಳುವುದೇ ತಡ, ಕೈಯನ್ನು ಕಿವಿಗಿಟ್ಟು ಎತ್ತಿದ.

ಮಳಿ ಹೋದ ದಾರೀಗಿ ನನ ಹಿಂಡ ಹೋದಾವೊ
ಕೊಳ್ಳ ದಾಟಿ ಬರತಾವೊ ಗೆಜ್ಜೀಯ ದನಿಯೊ

ಮೊದಲಿನ ಎರಡು ನುಡಿ ಹಾಡಿ ಕೆಮ್ಮು ಬಂದು ನಿಲ್ಲಿಸಿದ. ದನಿಯ ಅಂಚಿಗೆ ಗರಗಸದ ಹಲ್ಲು ಇದ್ದಂತಿತ್ತು.

"ಉಳಿದದ್ದು ಕ್ಯಾಮೆರಾದ ಮುಂದ್ರಿ," ಎಂದು ನಕ್ಕ. ಆಮೇಲೆ ಗಂಟಲು ಮುಟ್ಟಿಕೊಂಡು ಹೇಳಿದ: "ಇಲ್ಲಿ ಗಂಟು ಐತಂತ್ರಿ ಮಾಸ್ತರ. ಬೆಳಗಾವಿ ಡಾಕ್ಟರ ಕೊಯ್ದು ತಗೀಬೇಕು ಅಂದಾರ. ತಗದ್ರ ಅದರ ಕೂಡ ದನೀನೂ ಹೋಗತೈತಂತ."

"ಮತ್ತ ಯಾವಾಗ ಹೊಂಟಿ?"

"ದನಿ ಕೊಟ್ಟ ಮ್ಯಾಲ ಗಂಟಲಾ ಕೊಡ್ತೀನ್ರಿ. ಮೊದಲ ನಿಮ್ಮ ಸಿನಿಮಾ ಆಗ್ಲಿ."

ಅವನ ಮಗಳು ಯಲ್ಲವ್ವ ಕುರಿಮರಿಗೆ ಸೊಪ್ಪು ಹಾಕುತ್ತಿದ್ದವಳು ಎದ್ದು ಬಂದಳು. ಗಂಡನ ಮನೆ ಬಿಟ್ಟು ಬಂದು ಅಪ್ಪನ ಹಟ್ಟಿ ನೋಡಿಕೊಂಡಿದ್ದವಳು ಅವಳೇ. "ಅಪ್ಪಾ, ಸಿನಿಮಾ ಎಲ್ಲಿ ಓಡಿ ಹೋಗತೈತಿ? ನಿನಗ ಈ ವಯಸ್ಸಿನ್ಯಾಗ ಹೀರೋ ಆಗೂ ಹುಚ್ಚು!"

"ಹೀರೋ ಅಲ್ಲವಾ, ಹೀರೋನ ಅಪ್ಪ."

"ಮೊದಲ ನನ್ನ ಅಪ್ಪ ಆಗು," ಎಂದವಳು ನನ್ನ ಕಡೆ ತಿರುಗಿದಳು. "ಮಾಸ್ತರ, ನಿಮ್ಮ ಮಾತ ಕೇಳ್ತಾನ. ನೀವರ ದವಾಖಾನಿಗೆ ಹೋಗು ಅಂತ ಹೇಳ್ರಿ."

ನಾನು ಹೇಳಬಹುದಾಗಿತ್ತು. ಸಂತೋಷ ನನ್ನ ಮುಖವನ್ನೇ ನೋಡುತ್ತಿದ್ದ. "ಎಂಟ ಹತ್ತ ದಿನದಾಗ ಶೂಟಿಂಗ್ ಮುಗಸ್ತೀವು ತಂಗಿ," ಎಂದೆ. "ಅಷ್ಟರಾಗ ಏನಾಗತೈತಿ?"

ಇನ್ನೊಂದನ್ನೂ ಅವತ್ತೇ ಮಾಡಿದೆ. ಯಲ್ಲವ್ವ ತನ್ನ ಮೊಬೈಲು ತಂದು, "ಅಪ್ಪಾ, ಇನ್ನೊಮ್ಮೆ ಹಾಡು, ಹಿಡಕೊಳ್ತೀನಿ" ಎಂದಳು. ನಾನು ತಡೆದೆ. ನಾಟಕ ಆಗುವವರೆಗೆ ಅದರ ಹಾಡು ಊರಲ್ಲಿ ತಿರುಗಬಾರದು ಎಂಬುದು ನಮ್ಮ ತಾಲೀಮಿನ ನೇಮ. ಸಿನಿಮಾಕ್ಕೂ ಅದೇ ನೇಮ ಎಂದೆ. ಅವಳು ಮೊಬೈಲು ಇಳಿಸಿದಳು. ಕಲ್ಲಪ್ಪ ಮಾಸ್ತರನ ಮಾತು ಮೀರುವವನಲ್ಲ, ಅವತ್ತಿನಿಂದ ಕುರಿಗಳ ಮುಂದೆ ಕೂಡ ಆ ಹಾಡು ಹಾಡಲಿಲ್ಲವಂತೆ. ಟಗರುಗಳನ್ನು ಮಾರಿ ರೊಕ್ಕ ತಂದ. ಬೀರಪ್ಪನ ಗುಡಿಯಲ್ಲಿ ನಾನು ಅವನ ಕೈಗೆ ವೀಳ್ಯ ಇಟ್ಟೆ.

ಅದೇ ಪಾರ್ಟಿನ ವೀಳ್ಯವನ್ನು ಆ ಹಂಗಾಮಿನಲ್ಲಿ ನಾನು ಇನ್ನೂ ಎರಡು ಸಲ ಕೊಟ್ಟೆ.

ಸಂತೋಷನ ಹೊಸ ಕಾರಿಗೆ, ಕೊಲ್ಲಾಪುರದ ಲಾಜಿಗೆ ರೊಕ್ಕ ಸಾಲುತ್ತಿರಲಿಲ್ಲ. "ಇನ್ನೊಬ್ಬರಿಗೂ ಕೊಡ್ರಿ ಗುರುಗಳ, ಯಾರದು ಇಡೂದು ಅನ್ನೂದನ್ನ ಎಡಿಟಿಂಗಿನ್ಯಾಗ ನೋಡೂಣು" ಎಂದ. ಮೊದಲು ಕೌಜಲಗಿಯ ಬೆಲ್ಲದ ವ್ಯಾಪಾರಿ ಬಸವಂತಪ್ಪ ಸಾವಕಾರರಿಗೆ, ಆಮೇಲೆ ನಿಡಸೋಸಿಯಲ್ಲಿ ಚಹಾದ ಹೋಟೆಲು ಇಟ್ಟವನೊಬ್ಬನಿಗೆ. ಎರಡನೆಯ ಸಲ ವೀಳ್ಯ ಕೊಡುವಾಗ ದೇವರ ದೀಪದ ಕಡೆ ನೋಡಲಿಲ್ಲ. ಮೂರನೆಯ ಸಲ ನೋಡಿಕೊಂಡೇ ಕೊಟ್ಟೆ. ಮನುಷ್ಯ ಕೆಡುವುದು ಎಷ್ಟು ಸಲೀಸು ಎಂದು ನನಗೆ ತಿಳಿದದ್ದು ಆಗ.

ಎಂಟು ಹತ್ತು ದಿನ ಎಂದದ್ದು ಮುಂದೆ ಹೋಯಿತು. ಛಟ್ಟಿ ಅಮಾಸಿ ಆಯಿತು, ಸಂಕ್ರಮಣ ಬಂತು. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆ ಸಾಲುಗಟ್ಟಿ ನಿಂತಿರುತ್ತಿದ್ದವು. ಬೆಳಗಿನ ಮಂಜಿಗೆ ಆ ವಾಸನೆ ನೆಲ ಬಿಟ್ಟು ಏಳುತ್ತಿರಲಿಲ್ಲ. ಕಲ್ಲಪ್ಪನ ಫೋನು ಬರುತ್ತಿತ್ತು. "ಮಾಸ್ತರ, ಯಾವಾಗ್ರಿ?" ಪ್ರತಿ ಸಲವೂ ದನಿ ಹಿಂದಿನದಕ್ಕಿಂತ ತೆಳ್ಳಗೆ. ಒಮ್ಮೆ ಕರೆ ಬಂದು ಆ ಕಡೆ ಬರೀ ಉಸಿರು ಕೇಳಿಸಿತು. ಫೋನು ಕೆಟ್ಟಿದೆ ಎಂದು ಕಟ್ ಮಾಡಲಿದ್ದೆ. ಆಮೇಲೆ ತಿಳಿಯಿತು, ಅವನು ಮಾತಾಡುತ್ತಿದ್ದ.

ನಾನು ಸಂತೋಷನಿಗೆ ಗಂಟು ಬಿದ್ದೆ. "ಯಾರದ್ದರ ಬಿಡು, ಕಲ್ಲಪ್ಪಂದ ಒಂದು ತಗೊಂಡ್ಬಿಡೋ. ಅವ್ನ ಕಡೆ ಹೊತ್ತಿಲ್ಲ."

"ಆತ್ರಿ ಗುರುಗಳ," ಎಂದ. ಅಷ್ಟು ಸರಳವಾಗಿ ಒಪ್ಪಿದ್ದು ನೋಡಿ ನನಗೆ ಸಮಾಧಾನವಾಗಬಾರದಿತ್ತು.

ಕೌಜಲಗಿಯ ದಾರಿಯಲ್ಲಿ ಪಾಳು ಬಿದ್ದ ಒಂದು ಬೆಲ್ಲದ ಗಾಣ ಇತ್ತು. ಅಲ್ಲಿ ಶೂಟಿಂಗ್. ಮದುವೆಗಳಿಗೆ ಬಾಡಿಗೆಗೆ ಕೊಡುವ ಕ್ಯಾಮೆರಾ, ಎರಡು ಲೈಟು. ಕಲ್ಲಪ್ಪ ಹೊಸ ಪಟಗಾ ಸುತ್ತಿ, ಹೆಗಲ ಮೇಲೆ ಕಂಬಳಿ ಹಾಕಿ ಬಂದಿದ್ದ. ಅವನ ಮುಖಕ್ಕೆ ಬಣ್ಣ ಹಚ್ಚುವಾಗ ಕೊರಳು ನನ್ನ ಕೈಗೆ ಕಲ್ಲಿನಂತೆ ಹತ್ತಿತು. ಜೊತೆಗೆ ಬಂದ ಊರ ಮಂದಿಯ ಮೊಬೈಲುಗಳನ್ನೆಲ್ಲ ಸಂತೋಷ ಒಂದು ಚೀಲಕ್ಕೆ ಹಾಕಿಸಿದ. "ಹಾಡು ಹೊರಗ ಹೋತಂದ್ರ ಸಿನಿಮಾ ಯಾರು ನೋಡ್ತಾರ?" ಎಂದ. ಯಲ್ಲವ್ವನದನ್ನು ನಾನೇ ಇಸಿದುಕೊಂಡೆ.

ನಾನು ಪೇಟಿ ಇಟ್ಟುಕೊಂಡು ಕ್ಯಾಮೆರಾದ ಪಕ್ಕಕ್ಕೇ ಕೂತೆ. ಮದುವೆ ಮನೆಗಳಲ್ಲಿ ನೋಡಿದ್ದೆ, ಹಿಡಿಯುವಾಗ ಒಂದು ಕೆಂಪು ದೀಪ ಹತ್ತುತ್ತದೆ. ಇಲ್ಲಿ ಹತ್ತಿರಲಿಲ್ಲ. ಸಂತೋಷನ ಕಿವಿಯಲ್ಲಿ ಕೇಳಿದೆ.

"ಒಳಗ ಮೆಮರಿ ಕಾರ್ಡ್ ಇಲ್ರಿ ಗುರುಗಳ," ಎಂದ ಸಣ್ಣಗೆ. "ಬಾಡಿಗಿಯವಂಗ ಹಿಂದಿನ ಬಾಕಿ ಕೊಟ್ಟಿಲ್ಲ, ಕಾರ್ಡ್ ತಗದ ಕೊಟ್ಟಾನ. ಮುದಕಗ ಒಮ್ಮೆ ಹಾಡಿದ ಸಮಾಧಾನ ಆದ್ರ ಸಾಕಲ್ಲ? ನೀವು ಪೇಟಿ ಹಿಡೀರಿ."

ಆಗ ನಾನು ಎದ್ದು ನಿಲ್ಲಬೇಕಾಗಿತ್ತು. ಏಳಲಿಲ್ಲ. ಎದುರಿಗೆ ಊರಿನ ಮಂದಿ ಕೂತಿತ್ತು. ಎದ್ದರೆ ಸಂತೋಷನ ಜೊತೆ ನನ್ನ ಮಾನವೂ ಅಲ್ಲೇ ಹೋಗುತ್ತಿತ್ತು. ಪೇಟಿಯ ತಿದಿ ಎಳೆದು ಸ್ವರ ಹಿಡಿದೆ.

ಕಲ್ಲಪ್ಪ ಹಾಡಿದ. ಉಳಿದಿದ್ದ ದನಿಯನ್ನೆಲ್ಲ ಒಟ್ಟು ಮಾಡಿಕೊಂಡು ಬಂದಿದ್ದ. ಮೇಲೆ ಹೋಗುವಾಗ ದನಿ ಹರಿಯುತ್ತಿತ್ತು, ಹರಿದಲ್ಲೇ ಹಿಡಿದು ಮತ್ತೆ ಏರುತ್ತಿದ್ದ. ನೋಡಲು ಬಂದ ಗಂಡಸರು ತಲೆ ತಗ್ಗಿಸಿ ಕೂತರು. ನನ್ನ ಬೆರಳು ಮಾತ್ರ ಅವನ ಜೊತೆ ಇದ್ದವು, ಕಿವಿ ಇರಲಿಲ್ಲ. ಯಾರಾದರೂ ಎದ್ದು ಬಂದು ಆ ಹತ್ತದ ದೀಪ ನೋಡಿಬಿಟ್ಟರೆ ಎಂದು ಮಂದಿಯ ಕಾಲುಗಳನ್ನೇ ನೋಡುತ್ತಿದ್ದೆ. ನನ್ನ ಮೊಬೈಲು ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಮಾಸ್ತರನ ಕಿಸೆ ಯಾರೂ ಮುಟ್ಟಿರಲಿಲ್ಲ. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಅದು ನನಗೆ ಆಗ ಹೊಳೆಯಲೇ ಇಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹೊಳೆದಿತ್ತು. ಕಿಸೆಗೆ ಕೈ ಹಾಕಿದರೆ ಯಾಕೆ ಎಂದು ಯಾರಾದರೂ ಕೇಳುತ್ತಾರೆ ಎಂಬ ಅಂಜಿಕೆಯೂ ಹೊಳೆದಿತ್ತು.

ಹಾಡು ಮುಗಿದ ಮೇಲೆ ಸಂತೋಷ "ಕಟ್" ಎಂದು ಕೂಗಿ ಚಪ್ಪಾಳೆ ತಟ್ಟಿದ. ಕಲ್ಲಪ್ಪ ನನ್ನ ಹತ್ತಿರ ಬಂದು ಪಿಸುದನಿಯಲ್ಲಿ, "ಬಂತೇನ್ರಿ?" ಎಂದ.

"ಬಂತು," ಎಂದೆ.

"ಹಂಗಾದ್ರ ನಾಳೆ ಬೆಳಗಾವಿಗೆ ಹೋಗ್ತೀನ್ರಿ."

ಬೆಳಗಾವಿಯಲ್ಲಿ ಡಾಕ್ಟರು ಯಲ್ಲವ್ವನಿಗೆ ಬೈದರಂತೆ, ಇಷ್ಟು ತಡ ಯಾಕೆ ಎಂದು. ದನಿ ಹೊರಡುವ ಗಂಟಲಿನ ಗೂಡನ್ನೇ ತೆಗೆದರು. ಮೊದಲೇ ಹೋಗಿದ್ದರೆ ದನಿ ಹೋದರೂ ಮನುಷ್ಯ ಗಟ್ಟಿಯಾಗಿ ಉಳಿಯುತ್ತಿದ್ದ. ತಡವಾದದ್ದಕ್ಕೆ ಹೆಗಲ ತನಕ ಕೊಯ್ಯಬೇಕಾಯಿತು. ಕುರಿ ಹಿಂದೆ ಹೋಗುವ ಶಕ್ತಿ ಮತ್ತೆ ಬರಲಿಲ್ಲ. ಕೊರಳಲ್ಲಿ ಒಂದು ತೂತು, ಅದಕ್ಕೊಂದು ನಳಿಗೆ. ಉಸಿರು ಅಲ್ಲಿಂದಲೇ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಸಂತೋಷನ ಫೋನು ಬಂದ್ ಆಯಿತು. ಹುಕ್ಕೇರಿಯ ಆಫೀಸಿಗೆ ಬೀಗ. ರೊಕ್ಕ ಹಾಕಿದವರೆಲ್ಲ ಮೂಡಲಗಿಯ ಠಾಣೆಯ ಮುಂದೆ ಸೇರಿದರು. ಹೀರೋನ ಅಪ್ಪನ ಪಾರ್ಟು ಎಷ್ಟು ಜನರದು ಎಂಬುದು ಎಲ್ಲರಿಗೂ ತಿಳಿದದ್ದು ಅಲ್ಲೇ. ಬಸವಂತಪ್ಪ ಸಾವಕಾರರು ನಿಡಸೋಸಿಯ ಹೋಟೆಲಿನವನನ್ನು ಮೇಲಿಂದ ಕೆಳಗೆ ನೋಡಿದರು.

"ನೀನೂ ಅಪ್ಪನೇನೋ?"

"ಹೌದ್ರೀ ಸಾವಕಾರ."

"ತುಕ್ಕಾನಟ್ಟ್ಯಾಗ ಇನ್ನೊಬ್ಬ ಅದಾನಂತ. ಒಂದ ಮಗಗ ಮೂರ ಮಂದಿ ಅಪ್ಪಂದಿರು! ಅವನವ್ವನ್ನ ಕೇಳಿದ್ರ ಮಾಸ್ತರನ್ನ ತೋರಸ್ತಾಳು."

ಅಳುವವರೂ ನಕ್ಕರು. ನಾನು ನಗಲಿಲ್ಲ, ಆದರೆ ಒಳಗೆ ಹೋಗಿ ನಾನೂ ಮೋಸಹೋದವನು ಎಂದು ಬರೆಸಿದೆ. ಸಂಗೀತ ಮಾಡಿಸಿಕೊಂಡು ನನಗೂ ಏನೂ ಕೊಟ್ಟಿಲ್ಲ ಎಂದು ಹೊಸ ಹಲ್ಲಿನ ಬಾಯಿಂದಲೇ ಹೇಳಿದೆ. ರಸೀತಿ ಯಾರ ಹತ್ತಿರವೂ ಇರಲಿಲ್ಲ. ವೀಳ್ಯದೆಲೆಯನ್ನು ಯಾವ ಕೋರ್ಟಿನಲ್ಲಿ ತೋರಿಸುತ್ತಾರೆ? ಆ ಹೇಳಿಕೆ ಸುಳ್ಳು. ಈ ಬರಹದ ಒಂದು ಪ್ರತಿಯನ್ನು ಠಾಣೆಗೆ ಕೊಟ್ಟು ಬರುವವನಿದ್ದೇನೆ. ಈ ವಯಸ್ಸಿನಲ್ಲಿ ನನ್ನನ್ನು ಏನು ಮಾಡುತ್ತಾರೋ ಮಾಡಲಿ.

ಕಲ್ಲಪ್ಪ ಠಾಣೆಗೆ ಬಂದಿರಲಿಲ್ಲ. ಆಮೇಲೆಯೂ ನನ್ನನ್ನು ಕೇಳಲಿಲ್ಲ. ಎಷ್ಟೋ ಹಂಗಾಮು ಕಳೆದವು. ಈ ಸಲ ದಸರೆಯ ಮುಂದೆ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಯಲ್ಲವ್ವ ಸಿಕ್ಕಳು. ಅಪ್ಪನ ನಳಿಗೆ ತೊಳೆಯುವ ಔಷಧ ಒಯ್ಯಲು ಬಂದಿದ್ದಳು. ಬೈಯುತ್ತಾಳೆ ಎಂದುಕೊಂಡೆ.

"ರೊಕ್ಕ ಹೋಗ್ಲಿ ಬಿಡ್ರಿ ಮಾಸ್ತರ," ಎಂದಳು. "ಆ ಸಂತೋಷ ಎಲ್ಲ್ಯರ ಸಿಕ್ರ ಹಾಡ ಅಷ್ಟ ಇಸಗೊಂಡ ಕೊಡ್ರಿ. ಅಪ್ಪಗ ಒಮ್ಮೆ ಕೇಳಸಬೇಕ್ರಿ."

ಆಗಲಿ ಎಂದು ಅವಳನ್ನು ಬಸ್ಸು ಹತ್ತಿಸಿದೆ. ಮರುದಿನವೇ ತುಕ್ಕಾನಟ್ಟಿಗೆ ಹೋದೆ. ಅವಳನ್ನು ಹಟ್ಟಿಯ ಹೊರಗೇ ನಿಲ್ಲಿಸಿ ಕಾರ್ಡಿನದು, ಹತ್ತದ ದೀಪದ್ದು, ನನ್ನ ಕಿಸೆಯದು ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಕೆಳಗಿಟ್ಟಳು.

"ಅವತ್ತ ನಾ ಮೊಬೈಲ್ ತಂದಾಗ ನೀವ ಬ್ಯಾಡ ಅಂದ್ರಿ," ಎಂದಳು.

"ಹೌದವಾ."

"ನಿಮ್ಮ ಕಾಲಿಗೆ ಬೀಳ್ತೀನಿ, ಅಪ್ಪಗ ಹೇಳಬ್ಯಾಡ್ರಿ. ತನ್ನ ದನಿ ಎಲ್ಲೋ ಐತಿ ಅಂತ ತಿಳಕೊಂಡ ಜೀವಾ ಹಿಡದಾನ. ಅದನ್ನೂ ಕಸಗೋಬ್ಯಾಡ್ರಿ."

ತಪ್ಪು ಒಪ್ಪಿಕೊಳ್ಳಲು ಹೋದವನು ಇನ್ನೊಂದು ಸುಳ್ಳು ಹೊತ್ತುಕೊಂಡು ಒಳಗೆ ಹೋದೆ.

ಕಲ್ಲಪ್ಪ ಹೊರಸಿನ ಮೇಲೆ ಕೂತಿದ್ದ. ಒಣಗಿ ಅರ್ಧ ಆಗಿದ್ದ. ನನ್ನನ್ನು ನೋಡಿ ಮುಖ ಅರಳಿತು. ಪಕ್ಕಕ್ಕೆ ಕೂರಿಸಿಕೊಂಡು, ಒಂದು ಕಣ್ಣು ಮುಚ್ಚಿ ಎರಡೂ ಕೈಯಿಂದ ಕ್ಯಾಮೆರಾ ಹಿಡಿದಂತೆ ಮಾಡಿ, ಹುಬ್ಬು ಹಾರಿಸಿ ಕೇಳಿದ.

"ಆಗೇತಿ ಕಲ್ಲಪ್ಪಾ," ಎಂದೆ. "ನಾ ನೋಡೇನಿ. ಭಾಳ ಚಲೋ ಬಂದೈತಿ. ಊರ ಮುಟ್ಟೂದಷ್ಟ ತಡಾ."

ಅವನ ಕಣ್ಣಲ್ಲಿ ನೀರು ಬಂತು. ನನ್ನ ಎದೆಯ ಮೇಲೆ ಅಂಗೈ ಇಟ್ಟ, ಆಮೇಲೆ ನನ್ನ ಬಾಯಿ ತೋರಿಸಿದ. ನನಗೆ ತಿಳಿಯಲಿಲ್ಲ. ಮತ್ತೆ ತೋರಿಸಿದ. ಹೇಗೆ ಬಂದಿದೆ ಹಾಡಿ ತೋರಿಸು ಎನ್ನುತ್ತಿದ್ದ.

ನನ್ನ ದನಿ ಕಂಚು ಒಡೆದದ್ದು. ಆದರೂ ಎತ್ತಿದೆ. ಮಳಿ ಹೋದ ದಾರೀಗಿ ನನ ಹಿಂಡ ಹೋದಾವೊ. ಅವನು ನನ್ನ ಮೊಣಕಾಲ ಮೇಲೆ ತಾಳ ಹಾಕತೊಡಗಿದ. ನಾನು ಸ್ವರ ಇಳಿಸಿದಲ್ಲಿ ಬೆರಳು ಮೇಲೆತ್ತಿ ತಿದ್ದಿದ. ತಿದ್ದಿಕೊಂಡೆ. ತಲೆ ಆಡಿಸಿದ. ಎರಡನೆಯ ನುಡಿಗೆ ಕಣ್ಣು ಮುಚ್ಚಿಕೊಂಡ, ತುಟಿ ನನ್ನ ಜೊತೆ ಅಲುಗುತ್ತಿದ್ದವು.

ಎರಡನೆಯ ನುಡಿ ಮುಗಿಯಿತು. ಮೂರನೆಯದು ನನಗೆ ಬರಲಿಲ್ಲ.

ಎರಡನೆಯದರ ಕೊನೆಯನ್ನೇ ಮತ್ತೆ ಹಾಡಿದೆ. ಅವನು ತಾಳ ಬಿಡದೆ ಕಾಯ್ದ. ಇನ್ನೊಮ್ಮೆ ಅದನ್ನೇ ಹಾಡಿದೆ. ಅವನು ಕಣ್ಣು ತೆರೆದು, ಮರೆತವನಿಗೆ ಮೊದಲ ಶಬ್ದ ಎತ್ತಿಕೊಡುವಂತೆ, ತುಟಿ ಅಗಲಿಸಿ ನಿಧಾನವಾಗಿ ಹೇಳಿದ. ಕೊರಳಿನ ನಳಿಗೆಯಲ್ಲಿ ಗಾಳಿ ಸುಯ್ ಎಂದಿತು. ಅವನ ತುಟಿಗಳನ್ನೇ ನೋಡಿದೆ. ಏನೂ ತಿಳಿಯಲಿಲ್ಲ. ಯಲ್ಲವ್ವನನ್ನು ಕರೆದೆ. ಅವಳು ಎದುರಿಗೆ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಅವಳಿಗೂ ತಿಳಿಯಲಿಲ್ಲ. ಅಕ್ಷರ ಕಲಿತವನಲ್ಲ, ಬರೆದು ತೋರಿಸಲು ಬಾರದು. ಅವನು ಮತ್ತೆ ಹೇಳಿದ, ಇನ್ನೂ ನಿಧಾನ. ಆಮೇಲೆ ನಿಲ್ಲಿಸಿದ.

ನನ್ನ ಮುಖ ನೋಡಿದ. ಸಿನಿಮಾ ನೋಡಿ ಬಂದವನಿಗೆ ಮೂರನೆಯ ನುಡಿ ಬರಬೇಕಾಗಿತ್ತು. ಆಮೇಲೆ ಮಗಳ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು.

ನನ್ನ ಮೊಣಕಾಲ ಮೇಲಿದ್ದ ಕೈಯನ್ನು ಕಲ್ಲಪ್ಪ ಮೆಲ್ಲಗೆ ತೆಗೆದುಕೊಂಡ.